ಸಿಟಿ ಕೆರೆಯ ಹೂಳು ಹೊಲಕ್ಕೆ ಹಾಕಬಹುದಾ? ಹಾಕಿದವರು ಅನುಭವ ಹೇಳಿ

ಆನೇಕಲ್ ಹತ್ತಿರ ನಮ್ಮದು ಎರಡು ಎಕರೆ ಕೆಂಪು ಮಣ್ಣು. ಸೊಪ್ಪು, ಬೀನ್ಸ್ ಬೆಳೆಯುತ್ತೇವೆ. ಬೆಂಗಳೂರಿನ ಒಂದು ಕೆರೆಯಲ್ಲಿ ಹೂಳೆತ್ತುತ್ತಿದ್ದಾರೆ. ಟಿಪ್ಪರ್ ಬಾಡಿಗೆ ಕೊಟ್ಟರೆ ಸಾಕು, ಮಣ್ಣು ಪುಕ್ಕಟೆ. ಅಪ್ಪ ಹಾಕಿಸಲೇಬೇಕು ಅಂತಿದ್ದಾರೆ. ಏನು ಮಾಡಲಿ?

ಹೊಸಕೋಟೆ ಕಡೆಯಿಂದ:
ನಿಮ್ಮ ಅಪ್ಪ ಹೇಳುವುದು ತಪ್ಪಲ್ಲ. ಅವರು ನೋಡಿದ ಕೆರೆಯೇ ಬೇರೆ. ನಮ್ಮ ತಾತನೂ ಬೇಸಿಗೆಯಲ್ಲಿ ಗಾಡಿ ಕಟ್ಟಿ ಊರ ಕೆರೆಯ ಗೋಡು ಹೊಡೆಯುತ್ತಿದ್ದರು. ಆ ಕೆರೆಗೆ ಬರುತ್ತಿದ್ದದ್ದು ಮಳೆ ನೀರು, ಗೋಮಾಳದ ಸಗಣಿ, ತರಗೆಲೆ. ಸಿಟಿಯ ರಾಜಕಾಲುವೆಯಲ್ಲಿ ಕೊಳಚೆಯ ಜೊತೆ ಲೋಹಕ್ಕೆ ಲೇಪ ಕೊಡುವ ಪ್ಲೇಟಿಂಗ್ ಶೆಡ್ಡು, ಗ್ಯಾರೇಜುಗಳ ನೀರೂ ಹರಿಯುತ್ತೆ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕ್ಕಲ್‌ನಂಥ ಭಾರಲೋಹಗಳು ಬರುವುದು ಹಾಗೆ. ಇವು ಕೊಳೆತು ಹೋಗುವುದಿಲ್ಲ. ಜೇಡಿಗೆ ಅಂಟಿಕೊಂಡು ತಳದಲ್ಲೇ ಕೂರುತ್ತವೆ. ಮೇಲಿನ ನೀರು ತಿಳಿಯಾದರೂ ಹೂಳಿನಲ್ಲಿ ಹಾಗೇ ಇರುತ್ತವೆ.

ನಾನು ಆರು ಲೋಡ್ ತರಿಸಿ ಬದುವಿನ ಮೇಲೆ ರಾಶಿ ಹಾಕಿಸಿದ್ದೆ. ಮಾಮೂಲಿ ಮಣ್ಣು ಪರೀಕ್ಷೆಗೆ ಕೊಟ್ಟೆ. ಸಾವಯವ ಇಂಗಾಲ ಜಾಸ್ತಿ ಅಂತ ವರದಿ ಬಂತು, ಖುಷಿಪಟ್ಟೆ. ಆಮೇಲೆ ತಿಳಿಯಿತು, ಆ ಪರೀಕ್ಷೆಯ ವರದಿಯಾಗಿ ಸರ್ಕಾರ ಕೊಡುವ ಮಣ್ಣು ಆರೋಗ್ಯ ಕಾರ್ಡಿನ 12 ಅಂಶಗಳಲ್ಲಿ ಸೀಸವೂ ಇಲ್ಲ, ಕ್ಯಾಡ್ಮಿಯಮ್ಮೂ ಇಲ್ಲ. ಸತು, ತಾಮ್ರ ಇವೆ, ಅದೂ ಬೆಳೆಗೆ ಸಾಲುತ್ತಾ ಅಂತ ನೋಡೋಕೆ. ದಯವಿಟ್ಟು ಆ ಕಾರ್ಡ್ ನಂಬಿ ಹರಡಬೇಡಿ. ಲ್ಯಾಬಿನಲ್ಲಿ ಭಾರಲೋಹ ಅಂತ ಹೆಸರು ಹೇಳಿ ಕೇಳಿ. ನಿಮ್ಮ ಹೊಲದ ಮಣ್ಣನ್ನೂ ಜೊತೆಗೆ ಕೊಡಿ, ಯಾಕೆಂದರೆ ಕ್ರೋಮಿಯಂ, ನಿಕ್ಕಲ್ ಎಲ್ಲ ಮಣ್ಣಲ್ಲೂ ಸ್ವಲ್ಪ ಇದ್ದೇ ಇರುತ್ತವೆ. ಹೋಲಿಸಿದರೆ ತಾನೇ ಗೊತ್ತಾಗೋದು? ನನ್ನ ರಾಶಿಯಲ್ಲಿ ಸೀಸ, ಕ್ಯಾಡ್ಮಿಯಂ ಎರಡೂ ಹೊಲಕ್ಕಿಂತ ಎಷ್ಟೋ ಪಟ್ಟು ಇತ್ತು. ಹರಡಲಿಲ್ಲ. ಬಾಡಿಗೆ ದುಡ್ಡು ಹೋಯಿತು, ಹೊಲ ಉಳಿಯಿತು.

ಒಂದು ಅಳತೆ ಬೇಕಿದ್ದರೆ: ಸಿಟಿ ಕಾಂಪೋಸ್ಟ್ ಮಾರಲು ಸರ್ಕಾರ ಇಟ್ಟಿರುವ ಮಿತಿ ಕಿಲೋಗೆ ಸೀಸ 100 ಮಿಲಿಗ್ರಾಂ, ಕ್ಯಾಡ್ಮಿಯಂ 5. ಗೊಬ್ಬರವನ್ನು ಸ್ವಲ್ಪವೇ ಹಾಕುತ್ತೇವೆ. ಹೂಳನ್ನು ಲೋಡುಗಟ್ಟಲೆ ಸುರಿಯುತ್ತೇವೆ. ಅದು ನೆನಪಿರಲಿ.

ಮಣ್ಣು ಪರೀಕ್ಷೆ ಕೆಲಸದಲ್ಲಿರುವವಳು:
ಮಾದರಿ ತೆಗೆಯುವಾಗ ಒಂದೇ ಕಡೆ ಬಗೆಯಬೇಡಿ. ಕಾಲುವೆ ಸೇರುವ ಜಾಗ, ನಡುಮಧ್ಯ, ಏರಿ ಪಕ್ಕ, ತೂಬಿನ ಹತ್ತಿರ ಹೀಗೆ ಹತ್ತು ಹದಿನೈದು ಕಡೆ ತೆಗೆದು ಬೆರೆಸಿ. ಅರ್ಧ ಕಿಲೋ ಸಾಕು. ತಗಡಿನ ಬಕೆಟ್ ಬೇಡ, ಪ್ಲಾಸ್ಟಿಕ್ ಆಗಲಿ.

ಇನ್ನೊಂದು ಮಾತು. ಕೆರೆ ತಳದಲ್ಲಿ ಗಾಳಿ ಇಲ್ಲ. ಅಲ್ಲಿ ಲೋಹಗಳು ಗಂಧಕದ ಜೊತೆ ಸೇರಿ ಕಪ್ಪು ಕೆಸರಿನಲ್ಲಿ ಕಟ್ಟಿಹಾಕಿದಂತೆ ಇರುತ್ತವೆ. ಹೊಲದಲ್ಲಿ ಒಣಗಿ, ಉಳುಮೆಯಾಗಿ ಗಾಳಿ ತಾಗಿದಾಗ ಬಿಡಿಸಿಕೊಳ್ಳುತ್ತವೆ. ಹುಳಿ ಮಣ್ಣಾದರೆ ಇನ್ನೂ ಬೇಗ ಬೇರಿಗೆ ಸಿಗುತ್ತವೆ. ಕ್ಯಾಡ್ಮಿಯಂ ಅಂತೂ ಪಾಲಕ್‌ನಂಥ ಸೊಪ್ಪಿನ ಎಲೆಗೆ ಸಲೀಸಾಗಿ ಏರುತ್ತೆ. ಗಿಡ ಹಸಿರಾಗೇ ಇರುತ್ತೆ, ನೋಡಿದರೆ ಏನೂ ತಿಳಿಯಲ್ಲ. ನೀವು ಸೊಪ್ಪು ಬೆಳೆಯುವವರು, ಅದಕ್ಕೇ ಇಷ್ಟು ಒತ್ತಿ ಹೇಳ್ತಿದ್ದೇನೆ.

ಬಿಡದಿಯಿಂದ:
ಬೆಂಗಳೂರಿನ ಪೀಣ್ಯದ ಕಾರ್ಖಾನೆ ನೀರನ್ನೂ ಹೊತ್ತು ವೃಷಭಾವತಿ ನದಿ ನಮ್ಮ ಬೈರಮಂಗಲ ಕೆರೆಗೆ ಬರುತ್ತೆ. ಹಾಗಾಗಿ ನಾವು ಮನೆಗೆ ತಿನ್ನುವ ಸೊಪ್ಪನ್ನು ಬೋರ್‌ವೆಲ್ ಕಡೆಯ ತುಂಡಿನಲ್ಲೇ ಹಾಕುತ್ತೇವೆ. ಆದರೆ ಮಾರುವ ಸೊಪ್ಪನ್ನು ತಿನ್ನೋರೂ ಮನುಷ್ಯರೇ ಅಲ್ವಾ? ಆ ಯೋಚನೆ ಬಂದ ಮೇಲೆ ಕೆರೆ ನೀರಿನ ಜಾಗದಲ್ಲಿ ಸೊಪ್ಪು ಬಿಟ್ಟೆವು. ರೇಷ್ಮೆಗೆ ಹಿಪ್ಪುನೇರಳೆ ಹಾಕಿದ್ದೇವೆ.

ಮತ್ತೆ ಆನೇಕಲ್‌ನಿಂದ:
ಎಲ್ಲರಿಗೂ ಥ್ಯಾಂಕ್ಸ್. ಟಿಪ್ಪರಿನವರಿಗೆ ಸದ್ಯಕ್ಕೆ ಬೇಡ ಅಂದಿದ್ದೇನೆ. ಅಪ್ಪನಿಗೆ ನಮ್ಮೂರ ಕೆರೆಯ ಗೋಡು ತರೋಣ ಅಂದೆ, ಒಪ್ಪಿದರು. ಅದರ ಮಾದರಿಯನ್ನೂ ಸೋಮವಾರ ಲ್ಯಾಬಿಗೆ ಕೊಡುತ್ತೇನೆ.