ಎಡಗಿವಿಯ ಹಿಂದಿನ ದೆಹಲಿ

“ಇದು ಕುತುಬ್ ಮಿನಾರ್,” ಎಂದು ಸುಬ್ಬಣ್ಣ ಮೊಬೈಲನ್ನು ಮುಂದೆ ಚಾಚಿದ.

ರಾಯರು ಕನ್ನಡಕವನ್ನು ಹಣೆಗೇರಿಸಿ ನೋಡಿದರು. “ಎಲ್ಲಿಯಪ್ಪ?”

“ನನ್ನ ಎಡಗಿವಿಯ ಹಿಂದೆ. ಕೆಂಪಗೆ ಕಾಣುವುದಿಲ್ಲವೇ?”

“72.5 ಮೀಟರ್ ಎತ್ತರದ ಗೋಪುರವನ್ನು ಒಂದು ಕಿವಿಯ ಹಿಂದೆ ಅಡಗಿಸುವುದೆಂದರೆ ಸಾಮಾನ್ಯದ ಕೆಲಸವೇ! ಐಬಕ್ ಶುರು ಮಾಡಿದ, ಇಲ್ತುಮಿಷ್ ಬೆಳೆಸಿದ, ಸಿಡಿಲು ಬಡಿದಾಗ ಫಿರೋಜ್ ಷಾ ತುಘಲಕ್ ರಿಪೇರಿ ಮಾಡಿಸಿದ. ನೀನು ಮುಚ್ಚಿದೆ.”

ಪದ್ದಕ್ಕ ಬಗ್ಗಿ ನೋಡಿದರು. “ಕೆಂಪುಕೋಟೆ ಎಲ್ಲಿ?”

“ಬಲಭುಜದ ಮೇಲೆ.”

“ಜಂತರ್ ಮಂತರ್?”

“ಅದು ಸ್ವಲ್ಪ ಕೂದಲಿನಲ್ಲಿ ಸಿಕ್ಕಿಕೊಂಡಿದೆ ಪದ್ದಕ್ಕ. ಗಾಳಿ ಜೋರಾಗಿತ್ತು.”

“ಸೂರ್ಯನ ನೆರಳು ನೋಡಿ ಹೊತ್ತು ಹೇಳಲೆಂದು ಜಯಸಿಂಹ ಕಟ್ಟಿಸಿದ್ದು ಅದು,” ಎಂದರು ರಾಯರು. “ಅದರ ಮೇಲೆ ನಿನ್ನ ನೆರಳೇ ಬಿದ್ದರೆ ದೆಹಲಿಯಲ್ಲಿ ಗಂಟೆ ಎಷ್ಟಾಗಬೇಕು?”

ಮಾಸ್ತರು ಸುಬ್ಬಣ್ಣನ ಪರ ವಹಿಸಿದರು. “ಹುಡುಗನನ್ನು ಯಾಕೆ ಬೈಯುತ್ತೀರಿ ರಾಯರೇ? ಇದು ಮೊಬೈಲ್ ತಂದ ರೋಗವಲ್ಲ. ಕುತುಬ್ ಪಕ್ಕದಲ್ಲಿ ಕಬ್ಬಿಣದ ಕಂಬವಿದೆಯಲ್ಲ, ಅದಕ್ಕೆ ಬೆನ್ನು ಕೊಟ್ಟು, ಕೈಗಳನ್ನು ಹಿಂದಕ್ಕೆ ಚಾಚಿ ತಬ್ಬಿದರೆ ಅದೃಷ್ಟ ಬರುತ್ತದೆಂದು ಜನ ಮುಗಿಬೀಳುತ್ತಿದ್ದರು. 1997ರಲ್ಲಿ ಸುತ್ತ ಬೇಲಿ ಹಾಕಬೇಕಾಯಿತು.”

“ಸರಿಯಾಗಿ ಹೇಳಿದಿರಿ. ಸುಮಾರು 1600 ವರ್ಷದ ಮಳೆಗೆ ತುಕ್ಕು ಹಿಡಿಯದ ಕಂಬ ನಮ್ಮ ಬೆನ್ನಿಗೆ ಹೆದರಿ ಬೇಲಿಯೊಳಗೆ ಸೇರಿತು. ಆಗಲೂ ನಾವು ನಿಂತದ್ದು ಬೆನ್ನು ತಿರುಗಿಸಿಕೊಂಡೇ. ಸೆಲ್ಫಿ ಬಂದು ಹೊಸದಾಗಿ ಏನನ್ನೂ ಕಲಿಸಲಿಲ್ಲ, ಬಿಡಿ.”

“ತುಕ್ಕು ಯಾಕೆ ಹಿಡಿಯುವುದಿಲ್ಲವೋ?” ಎಂದರು ಪದ್ದಕ್ಕ. “ನಮ್ಮ ಗೇಟು ಒಂದು ಮಳೆಗಾಲ ತಡೆಯಲಿಲ್ಲ.”

“ಆ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚು. ಮೇಲೆ ತೆಳುವಾದ ಪದರ ಕಟ್ಟಿಕೊಂಡು ಕಾಯುತ್ತದೆ,” ಎಂದ ಮಾಸ್ತರು ಮುಂದಿನ ಚಿತ್ರಕ್ಕೆ ಬೆರಳು ಸರಿಸಿ ತಟ್ಟನೆ ನಿಂತರು. “ಇದು ಹುಮಾಯೂನನ ಸಮಾಧಿಯಲ್ಲವೇ?”

ಸುಬ್ಬಣ್ಣ ಹಲ್ಲೆಲ್ಲ ತೋರಿಸಿ ನಗುತ್ತಿದ್ದ ಚಿತ್ರ. ಕಣ್ಣಿಗೆ ಕಪ್ಪು ಕನ್ನಡಕ. ಎತ್ತಿದ ಎರಡು ಬೆರಳುಗಳ ನಡುವಿನ ಸಂದಿಯಲ್ಲಿ ಬಿಳಿ ಗುಮ್ಮಟದ ತುದಿ.

“ಬಹದ್ದೂರ್ ಷಾ ಜಫರ್ ಸೆರೆ ಸಿಕ್ಕಿದ್ದು ಇಲ್ಲಿಯೇ. 1857ರ ಸೆಪ್ಟೆಂಬರ್. ಎಂಬತ್ತು ದಾಟಿದ ಮುದುಕ, ತನ್ನ ಪೂರ್ವಿಕನ ಗೋರಿಯಲ್ಲಿ ಅಡಗಿ ಕುಳಿತಿದ್ದ. ಅಲ್ಲಿಂದ ಹಿಡಿದು ತಂದು, ವಿಚಾರಣೆ ನಡೆಸಿ, ರಂಗೂನಿಗೆ ಸಾಗಿಸಿದರು. ಸತ್ತದ್ದೂ ಅಲ್ಲಿಯೇ.”

ಸುಬ್ಬಣ್ಣ ತನ್ನದೇ ನಗುಮುಖವನ್ನು ಸ್ವಲ್ಪ ಹೊತ್ತು ನೋಡಿದ. “ಮೊದಲೇ ಹೇಳಿದ್ದರೆ ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದೆ ಮಾಸ್ತರೇ. ನೀವು ದೆಹಲಿಗೆ ಯಾವಾಗ ಹೋಗಿದ್ದಿರಿ?”

“ಎಲ್ಲಿ ಹೋದೆ? ಪಾಠ ಮಾಡಿದ್ದಷ್ಟೇ. ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗೋಣವೆಂದುಕೊಂಡಿದ್ದೆ. ಆ ಮಕ್ಕಳಿಗೀಗ ಮೊಮ್ಮಕ್ಕಳು.”

ಯಾರೂ ಮಾತನಾಡಲಿಲ್ಲ. ಮಾತಿಗೆ ಮತ್ತೆ ದಾರಿ ಮಾಡಿದವನು ಸುಬ್ಬಣ್ಣನೇ. “ನನ್ನೊಬ್ಬನನ್ನು ದೂರಬೇಡಿ. ರಾಷ್ಟ್ರಪತಿ ಭವನವನ್ನು ಮುಚ್ಚಿದ್ದು ನಾನಲ್ಲ, ರಸ್ತೆ! ಕೆಳಗಿನಿಂದ ಗುಡ್ಡ ಹತ್ತುತ್ತಾ ಹೋದರೆ ಭವನ ಇಳಿಜಾರಿನ ಹಿಂದೆ ಮುಳುಗುತ್ತದೆ. ಗೈಡ್ ಹೇಳಿದ.”

“ನಿಜ,” ಎಂದರು ಮಾಸ್ತರು. “ಭವನದ ನಕ್ಷೆ ಲುಟ್ಯೆನ್ಸನದು, ಮುಂದಿನ ಎರಡು ಸಚಿವಾಲಯಗಳದು ಬೇಕರನದು. ಆ ಇಳಿಜಾರಿನಿಂದಾಗಿಯೇ ಇಬ್ಬರಿಗೂ ಮನಸ್ತಾಪವಾಯಿತು.”

“ಆದರೂ ಇಂಡಿಯಾ ಗೇಟಿನವರೆಗೆ ಹಿಂದೆ ಸರಿದು ನಿಂತರೆ ಗುಮ್ಮಟವಾದರೂ ಕಾಣುತ್ತದೆ,” ಎಂದರು ರಾಯರು. “ನೀನು ಎಷ್ಟು ದೂರ ಸರಿದರೂ ನಿನ್ನ ಕೈ ಅಷ್ಟೇ ಉದ್ದ!”

“ಇಂಡಿಯಾ ಗೇಟಿನದೂ ಇದೆ ರಾಯರೇ. ಹಿಂದೆ ಮಂಟಪದಲ್ಲಿ ನೇತಾಜಿ ವಿಗ್ರಹ. ಕೆತ್ತಿದವರು ಮೈಸೂರಿನ ಅರುಣ್ ಯೋಗಿರಾಜ್ ಅಂತೆ, 28 ಅಡಿ...”

“ಕಾಣುತ್ತದೆಯೇ?”

“ನನ್ನ ಟೋಪಿ ಅಡ್ಡ ಬಂದಿದೆ.”

“ಆ ಮಂಟಪದಲ್ಲಿ ಮೊದಲು ಐದನೇ ಜಾರ್ಜ್ ನಿಂತಿದ್ದ ಕಣಯ್ಯ. ರಾಜಧಾನಿಯನ್ನು ದೆಹಲಿಗೆ ತರುತ್ತೇನೆಂದು 1911ರಲ್ಲಿ ಸಾರಿದ ದೊರೆ. ಅಂಥವನನ್ನೇ 1968ರಲ್ಲಿ ಎಬ್ಬಿಸಿ ಊರಾಚೆಯ ಉದ್ಯಾನಕ್ಕೆ ಕಳಿಸಿದರು. ಸುಬ್ಬಣ್ಣನನ್ನು ಮಾತ್ರ ಒಂದು ಫೋಟೋದಿಂದ ಕದಲಿಸುವುದು ಇಡೀ ದೆಹಲಿಯ ಕೈಯಲ್ಲಿ ಆಗಲಿಲ್ಲ!”