ಹಿತ್ತಲಲ್ಲಿ 4 ಅಡಿ ಇಳಿಜಾರು: ಮಣ್ಣು ತುಂಬಿಸೋದಾ, ಹಂತ ಮಾಡೋದಾ?

ಪ್ರಶ್ನೆ, ಬೆಂಗಳೂರಿನ ತುರಹಳ್ಳಿ ಕಡೆಯಿಂದ: ಮನೆ ಹಿಂದೆ 40 ಅಡಿ ಅಗಲ, 25 ಅಡಿ ಉದ್ದದ ಜಾಗ ಇದೆ. ಮನೆಯಿಂದ ಹಿಂದಿನ ಕಾಂಪೌಂಡ್ ಮುಟ್ಟೋ ಹೊತ್ತಿಗೆ ನೆಲ 4 ಅಡಿ ಇಳಿಯುತ್ತೆ. ಒಂದು ಪಕ್ಕದಲ್ಲಿ ಹಳೇ ಮಾವಿನ ಮರ. 20 ಯೂನಿಟ್ (ಯೂನಿಟ್ ಅಂದರೆ 100 ಘನ ಅಡಿ) ಮಣ್ಣು ಹೊಡೆಸಿ ಸಮ ಮಾಡೋಣ ಅಂತಾರೆ ಕಂಟ್ರಾಕ್ಟರ್. ಕೂರೋಕೆ ಒಂದಿಷ್ಟು ಹುಲ್ಲು, ನಾಲ್ಕು ಗಿಡ ಇದ್ದರೆ ಸಾಕು ನಮಗೆ. ಗೊತ್ತಿರೋರು ದಯವಿಟ್ಟು ಹೇಳಿ.

ಬನಶಂಕರಿಯಿಂದ: ಮಣ್ಣಿನ ಲೆಕ್ಕ ಸರಿಯಾಗೇ ಇದೆ ಮೇಡಂ. 25 ಅಡಿ ಉದ್ದ, 4 ಅಡಿ ಇಳಿತ, ಅದರಲ್ಲಿ ಅರ್ಧ, 40 ಅಡಿ ಅಗಲ: 2000 ಘನ ಅಡಿ, ಅಂದರೆ 20 ಯೂನಿಟ್. ಆದರೆ ಅಷ್ಟೂ ಮಣ್ಣು ಒರಗೋದು ಕಾಂಪೌಂಡ್ ಮೇಲೆ. 6 ಇಂಚಿನ ಸಾಲಿಡ್ ಬ್ಲಾಕ್ ಕಾಂಪೌಂಡ್ ಮರೆಗೆ ಕಟ್ಟಿದ್ದು, ಮಣ್ಣು ತಡೆಯೋಕಲ್ಲ. ಮಳೆಗೆ ನೆನೆದ ಮೇಲೆ ಅದು ಉಬ್ಬುತ್ತೆ, ಬಿದ್ದರೆ ಪಕ್ಕದವರ ಅಂಗಳಕ್ಕೇ ಬೀಳುತ್ತೆ. ದಯವಿಟ್ಟು ಒಪ್ಪಬೇಡಿ.

ಎರಡು ಹಂತ ಮಾಡಿ. ಮಣ್ಣಿನ ಎತ್ತರ ಎರಡರಷ್ಟಾದರೆ ಗೋಡೆ ಮೇಲಿನ ಒತ್ತಡ ನಾಲ್ಕರಷ್ಟಾಗುತ್ತೆ. 4 ಅಡಿಯ ಒಂದು ಗೋಡೆಗಿಂತ ನಡುವೆ 2 ಅಡಿಯ ಒಂದು, ಮೇಲೆ ಕೆಳಗೆ 1 ಅಡಿಯ ಎರಡು ಕಟ್ಟೆ ಎಷ್ಟೋ ಕ್ಷೇಮ. ಪ್ರತಿ ಹಂತದಲ್ಲೂ ಮೇಲರ್ಧ ಅಗೆದು ಅಲ್ಲೇ ಕೆಳಗರ್ಧಕ್ಕೆ ಹಾಕಿದರೆ ಒಟ್ಟು ಅಗೆತ ಸುಮಾರು 250 ಘನ ಅಡಿ. ಹೊರಗಿನ ಮಣ್ಣು ಹೆಚ್ಚುಕಮ್ಮಿ ಬೇಕೇ ಆಗಲ್ಲ.

ಎರಡು ಕಡೆ ಹುಷಾರು. ಮನೆ ಗೋಡೆಯಿಂದ 4 ಅಡಿ ದೂರದವರೆಗೆ ಅಗೆಯಲೇಬೇಡಿ, ಪಾಯ ತೆರೆದುಕೊಳ್ಳುತ್ತೆ. ಕೆಳಗೆ ಕಾಂಪೌಂಡಿಗೂ ಕೊನೇ ಕಟ್ಟೆಗೂ ನಡುವೆ ಒಂದೂವರೆ ಅಡಿ ಬಿಡಿ, ಚರಂಡಿ ಅಲ್ಲೇ ಬರಲಿ.

ಕೆಂಗೇರಿಯಿಂದ: ಅಗೆಯೋ ಮೊದಲು ಲೆವೆಲ್ ಹಿಡಿಯಿರಿ. ಅರ್ಧ ಇಂಚಿನ ಪಾರದರ್ಶಕ ಪೈಪಿಗೆ ನೀರು ತುಂಬಿ, 5 ಅಡಿಗೊಂದು ಗೂಟ ಹೊಡೆದು, ಪೈಪಿನ ತುದಿಯಲ್ಲಿ ನೀರು ನಿಂತ ಮಟ್ಟ ನೋಡಿ ಎಲ್ಲ ಗೂಟಕ್ಕೂ ಒಂದೇ ಮಟ್ಟದ ಗುರುತು ಹಾಕಿ. ಪೈಪಿನಲ್ಲಿ ಒಂದು ಗುಳ್ಳೆ ಉಳಿದರೂ ಗುರುತು ತಪ್ಪುತ್ತೆ, ಬೆರಳಲ್ಲಿ ತಟ್ಟಿ ಓಡಿಸಿ. ಗುರುತಿನಿಂದ ನೆಲಕ್ಕೆ ಎಷ್ಟು ಅಂತ ಬರೆದಿಟ್ಟುಕೊಂಡರೆ ಎಲ್ಲಿ ಅಗೀಬೇಕು, ಎಲ್ಲಿ ತುಂಬಬೇಕು ಅನ್ನೋದರಲ್ಲಿ ಮೇಸ್ತ್ರಿ ಜೊತೆ ವಾದವೇ ಇರಲ್ಲ.

ಮೇಲಿನ 6 ಇಂಚು ಮಣ್ಣು ಎತ್ತಿ ಬೇರೆ ಗುಡ್ಡೆ ಹಾಕಿಸಿ. ಗಿಡ ಬೆಳೆಯೋದು ಅದರಲ್ಲೇ. ಕೆಳಗಿನ ಗರಸು ಮಣ್ಣು ಮೇಲೆ ಬಂದರೆ ಎರಡು ವರ್ಷ ಗೊಬ್ಬರ ಹಾಕಿದರೂ ಹುಲ್ಲು ಹಳದಿಯಾಗೇ ಇರುತ್ತೆ.

ತುಂಬೋ ಮಣ್ಣನ್ನು 6 ಇಂಚಿನ ಪದರವಾಗಿ ಹಾಕಿ, ನೀರು ಚಿಮುಕಿಸಿ, ದಿಮ್ಮಸು (ಮಣ್ಣು ಕುಟ್ಟಿ ಗಟ್ಟಿ ಮಾಡೋ ಸಾಧನ) ಹೊಡೆಸಿ, ಆಮೇಲೆ ಮುಂದಿನ ಪದರ. ನೀರು ಎಷ್ಟು ಅಂತ ಕೈಯಲ್ಲೇ ನೋಡಬಹುದು: ಹಿಡಿ ಮಣ್ಣು ಅಮುಕಿದರೆ ಉಂಡೆ ಕಟ್ಟಬೇಕು, ಅಂಗೈ ಒದ್ದೆಯಾಗಬಾರದು, ಸೊಂಟದೆತ್ತರದಿಂದ ಬಿಟ್ಟರೆ ಒಡೀಬೇಕು. ಉದುರಿದರೆ ನೀರು ಸಾಲದು, ಚಪ್ಪಟೆಯಾದರೆ ಜಾಸ್ತಿ. ಒಂದೇ ಸಲ ಅಡಿಗಟ್ಟಲೆ ಸುರಿದು ಮೇಲೆ ಮಾತ್ರ ದಿಮ್ಮಸು ಹಾಕಿದರೆ ಮೊದಲ ಮಳೆಗಾಲದಲ್ಲೇ ಕುಸಿದು ಹೊಂಡ ಬೀಳುತ್ತೆ. ಹೊರಗಿಂದ ತರಿಸಲೇಬೇಕಾದರೆ ಕೆಂಪು ಮಣ್ಣು ತರಿಸಿ. ಕೆರೆಗೋಡು, ಅಂದರೆ ಕೆರೆಯ ಹೂಳು ಮಣ್ಣು, ಗೋಡೆ ಹಿಂದೆ ಬೇಡ, ನೆನೆದರೆ ಹಿಗ್ಗುತ್ತೆ, ಒಣಗಿದರೆ ಬಿರಿಯುತ್ತೆ. ಕಟ್ಟಡ ಒಡೆದ ಡೆಬ್ರಿಸ್ ಅಂತೂ ಬೇಡವೇ ಬೇಡ.

ಯಲಹಂಕದಿಂದ: ನಡುವಿನ 2 ಅಡಿ ಗೋಡೆಗೆ ಸೈಜುಗಲ್ಲು ಸಾಕು. ನೆಲದೊಳಗೆ 1 ಅಡಿ ಪಾಯ, ಬುಡ 18 ಇಂಚು, ತಲೆ 12 ಇಂಚು, ಗೋಡೆ ಸ್ವಲ್ಪ ಮಣ್ಣಿನ ಕಡೆಗೇ ಒರಗಿರಲಿ. ಹಿಂದೆ 1 ಅಡಿ ಅಗಲಕ್ಕೆ 40 ಎಂ.ಎಂ. ಜಲ್ಲಿ ತುಂಬಿ, ಜಲ್ಲಿಗೂ ಮಣ್ಣಿಗೂ ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮಣ್ಣು ತಡೆಯೋದು) ಹಾಕಿ. ಗಾರೆಯಲ್ಲಿ ಕಟ್ಟಿಸಿದರೆ 5 ಅಡಿಗೊಂದು 3 ಇಂಚಿನ ಪಿವಿಸಿ ಪೈಪು, ಹೊರಕ್ಕೆ ಇಳಿಜಾರಾಗಿ ಇಡಿಸಿ. ಗೋಡೆ ಬೀಳಿಸೋದು ಬಹುತೇಕ ಒಳಗೆ ನಿಂತ ನೀರು. ಪೈಪು ಇಟ್ಟು ಅದರ ಹಿಂದೆ ಜಲ್ಲಿ ಬದಲು ಮಣ್ಣು ಮೆತ್ತೋದು, ಪಾಯಿಂಟಿಂಗ್ (ಕಲ್ಲಿನ ಸಂದಿಗೆ ಸಿಮೆಂಟ್ ತುಂಬೋದು) ಮಾಡುವಾಗ ಪೈಪಿನ ಬಾಯಿಗೆ ಸಿಮೆಂಟ್ ಬಳಿಯೋದು, ಇವೆರಡೂ ಆಗದಂತೆ ಪಕ್ಕದಲ್ಲೇ ನಿಂತು ನೋಡಿಕೊಳ್ಳಿ.

ಬನಶಂಕರಿಯಿಂದ ಮತ್ತೆ: ನೆಲವನ್ನು ಪೂರ್ತಿ ಮಟ್ಟ ಮಾಡಬೇಡಿ ಅನ್ನೋದು ಬಿಟ್ಟುಹೋಗಿತ್ತು. 10 ಅಡಿಗೆ 2 ಇಂಚು ಇಳಿಜಾರು ಮನೆಯಿಂದ ಆಚೆಗೆ ಇರಲಿ. 1000 ಚದರಡಿ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಸುಮಾರು 4,600 ಲೀಟರ್. ನಮ್ಮಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಇಷ್ಟು ಒಂದೇ ಸಂಜೆ ಸುರಿಯೋದುಂಟು. ಪ್ರತಿ ಗೋಡೆಯ ಬುಡದಲ್ಲೂ 9 ಇಂಚಿನ ತೆರೆದ ಕಾಲುವೆ, ಕೊನೆಗೆ 2 ಅಡಿ ಚೌಕದ ಹೂಳುಗುಂಡಿ, ಅಲ್ಲಿಂದ 3 ಅಡಿ ವ್ಯಾಸದ ಇಂಗುಬಾವಿ. ಬಾವಿ ಮನೆಯಿಂದಲೂ ಗೋಡೆಯಿಂದಲೂ ಆದಷ್ಟು ದೂರ ಇರಲಿ. ಅಗೆದಾಗ ಬಂಡೆ ಸಿಕ್ಕರೆ ನೀರು ಇಂಗಲ್ಲ, ತುರಹಳ್ಳಿ ಕಡೆ ಅದು ಸಹಜ. ಆಗ ರಸ್ತೆ ಬದಿಯ ಮಳೆನೀರು ಮೋರಿಗೆ ಬಿಡಿ. ಒಳಚರಂಡಿಗೆ ಮಾತ್ರ ಸೇರಿಸಬೇಡಿ, ಜೋರು ಮಳೆಯಲ್ಲಿ ಅದೇ ನೀರು ಬಚ್ಚಲಿಗೆ ವಾಪಸ್ ಉಕ್ಕುತ್ತೆ.

ಜೆ.ಪಿ. ನಗರದಿಂದ: ಮಾವಿನ ಮರದ ಬಗ್ಗೆ ಯಾರೂ ಹೇಳಲಿಲ್ಲ. ಅದರ ನೀರು, ಗೊಬ್ಬರ ಹೀರೋ ಸಣ್ಣ ಬೇರುಗಳು ಬಹುತೇಕ ಮೇಲಿನ ಒಂದೆರಡು ಅಡಿಯಲ್ಲೇ ಇರುತ್ತವೆ, ಅವಕ್ಕೆ ಗಾಳಿ ಬೇಕು. ಬುಡಕ್ಕೆ 1 ಅಡಿ ಮಣ್ಣು ಏರಿಸಿದರೂ ಕಷ್ಟ, 1 ಅಡಿ ಅಗೆದರೂ ಕಷ್ಟ. ತಕ್ಷಣ ಗೊತ್ತಾಗಲ್ಲ, ಎರಡು ಮೂರು ವರ್ಷ ಬಿಟ್ಟು ತುದಿ ಕೊಂಬೆಗಳು ಒಣಗೋಕೆ ಶುರುವಾಗುತ್ತೆ. ಎಲೆ ಹರಡಿರುವಷ್ಟು ಜಾಗ ಹೇಗಿದೆಯೋ ಹಾಗೇ ಬಿಡಿ, ಗೋಡೆಯನ್ನು ಅದರ ಅಂಚಿಗೇ ನಿಲ್ಲಿಸಿ. ಆ ಇಳಿಜಾರಿಗೆ ಬರೀ ತರಗೆಲೆ ಹೊದಿಕೆ ಹಾಕಿ, ಅಂಚಿನಲ್ಲಿ ಬಿಸಿಲು ಬೀಳೋ ಕಡೆ ಅರ್ಧ ಅಡಿಗೊಂದರಂತೆ ಅಡ್ಡಸಾಲಾಗಿ ಲಾವಂಚ ನೆಡಿ. ಬೇರು ನೆಟ್ಟಗೆ ಆಳಕ್ಕೆ ಇಳಿದು ಮಣ್ಣು ಹಿಡಿಯುತ್ತೆ.

ಹುಲ್ಲು ಬಿಸಿಲಿರೋ ಹಂತಕ್ಕೆ ಮಾತ್ರ. ಗೋಡೆ ಪಕ್ಕ ದಾಸವಾಳ, ಕರಿಬೇವು ಆಗುತ್ತೆ. ಹಲಸು, ನೇರಳೆ ಬೇಡ. ನೆಲದ ಮೇಲೆ ಹಬ್ಬೋ ವೆಡೇಲಿಯಾ ಗಿಡ ಬೇಗ ಹರಡುತ್ತೆ ಅಂತ ನರ್ಸರಿಯಲ್ಲಿ ಕೊಟ್ಟರೆ ತರಬೇಡಿ, ಆಮೇಲೆ ಕಿತ್ತರೂ ಹೋಗಲ್ಲ. ಮಣ್ಣಿನ ಕೆಲಸ ಜನವರಿ, ಫೆಬ್ರವರಿಯಲ್ಲಿ ಮುಗಿಸಿ. ಏಪ್ರಿಲ್, ಮೇ ಮಳೆಗೆ ಎಲ್ಲಿ ಕುಸಿಯುತ್ತೆ ನೋಡಿ, ಅಲ್ಲಿಗೆ ಎತ್ತಿಟ್ಟ ಮೇಲ್ಮಣ್ಣು ಹಾಕಿ, ಹುಲ್ಲನ್ನು ಜೂನ್‌ನಲ್ಲಿ ಹಾಸಿ.