ಮಾರ್ಚ್ 31ಕ್ಕೆ ಮಗಳ ಬರ್ತ್‌ಡೇ, ಆ ದಿನ ಏನೇನು ವಿಶೇಷ ಇದೆ?

ತೋಟದಮನೆ, ಮಡಿಕೇರಿ:
ಎಲ್ರಿಗೂ ನಮಸ್ಕಾರ. ಮಗಳಿಗೆ ಬರೋ ಮಾರ್ಚ್ 31ಕ್ಕೆ ಹತ್ತು ತುಂಬುತ್ತೆ. ಅವಳಿಗೆ ಒಂದೇ ಬೇಜಾರು, ನನ್ನ ಬರ್ತ್‌ಡೇ ದಿನ ಏನೂ ವಿಶೇಷ ಇಲ್ಲ, ಅಮ್ಮ ಬ್ಯಾಂಕಿಂದ ರಾತ್ರಿ ಹತ್ತಕ್ಕೆ ಬರೋದೊಂದೇ ಅಂತ. ಇಯರ್ ಎಂಡಿಂಗ್ ಅಲ್ವಾ, ಅವಳಮ್ಮನಾದ್ರೂ ಏನ್ ಮಾಡ್ತಾಳೆ. ಅದಕ್ಕೆ ಈ ಸಲ ದೊಡ್ಡ ಡ್ರಾಯಿಂಗ್ ಶೀಟ್ ತಂದು ಆ ದಿನ ಹುಟ್ಟಿದವರು, ಆ ದಿನ ನಡೆದದ್ದು ಎಲ್ಲಾ ಇಬ್ರೂ ಕೂತು ಬರೆದು ಗೋಡೆಗೆ ಅಂಟಿಸೋಣ ಅಂತಿದ್ದೀನಿ. ನನಗೆ ಗೊತ್ತಿರೋದು ಐಫೆಲ್ ಟವರ್ ಮಾತ್ರ, 1889ರಲ್ಲಿ ಉದ್ಘಾಟನೆ, ಲಿಫ್ಟ್ ಇನ್ನೂ ಶುರುವಾಗಿರ್ಲಿಲ್ಲ, ಐಫೆಲ್ ಮೆಟ್ಟಿಲು ಹತ್ತಿಕೊಂಡೇ ಹೋಗಿ ಮೇಲೆ ಬಾವುಟ ಹಾರಿಸಿದ್ರಂತೆ. ವಾಟ್ಸಾಪ್‌ನಲ್ಲಿ ಬರೋ ಲಿಸ್ಟ್ ಬೇಡ, ಮಕ್ಕಳು ಒಂದ್ಸಲ ತಪ್ಪು ಕಲಿತ್ರೆ ತಿದ್ದೋದು ಕಷ್ಟ. ಸರಿಯಾಗಿ ಗೊತ್ತಿರೋರು ಹೇಳಿ.

ಕೋಟೆಬೀದಿ:
ಅಣ್ಣ, ಮೊದಲನೇ ಹೆಸರು ನಮ್ಮೂರಲ್ಲೇ ಇದೆ! ಜನರಲ್ ಕೆ.ಎಸ್. ತಿಮ್ಮಯ್ಯ ಹುಟ್ಟಿದ್ದು 1906ರ ಮಾರ್ಚ್ 31, ಮಡಿಕೇರಿಯಲ್ಲೇ. ಅವರ ಮನೆ ಸನ್ನಿ ಸೈಡ್ ಈಗ ಮ್ಯೂಸಿಯಂ, 2021ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ಕೋವಿಂದ್ ಬಂದು ಉದ್ಘಾಟನೆ ಮಾಡಿದ್ರು. ಮುಂಚೆ ಅಲ್ಲಿ ಆರ್‌ಟಿಒ ಆಫೀಸ್ ಇತ್ತು, ನಾನು ಲೈಸೆನ್ಸ್‌ಗೆ ಅದೇ ಮನೆ ಜಗಲಿ ಮೇಲೆ ಫಾರಂ ಹಿಡ್ಕೊಂಡು ನಿಂತಿದ್ದೆ, ಇದು ಯಾರ ಮನೆ ಅಂತ ಒಬ್ರೂ ಹೇಳಿರ್ಲಿಲ್ಲ, ಅದು ನೆನೆಸಿಕೊಂಡ್ರೆ ಈಗ್ಲೂ ನೋವಾಗುತ್ತೆ. ಮಗಳಿಗೆ ಪಾಕಿಸ್ತಾನದ ಜೊತೆ ನಡೆದ ಕಾಶ್ಮೀರ ಯುದ್ಧದ ಜೋಜಿ ಲಾ ಕಥೆ ಹೇಳಿ. 1948ರ ನವೆಂಬರ್ 1, 11 ಸಾವಿರ ಅಡಿಗೂ ಮೇಲಿರೋ ಕಣಿವೆದಾರಿ, ಹಿಮ ಬೇರೆ, ಅಲ್ಲಿಗೆ ಟ್ಯಾಂಕ್ ಬರುತ್ತೆ ಅಂತ ಎದುರಿನವರು ಕನಸಲ್ಲೂ ಅಂದ್ಕೊಂಡಿರ್ಲಿಲ್ಲ, ತಿಮ್ಮಯ್ಯನವರು ಟ್ಯಾಂಕ್ ಹತ್ತಿಸಿದ್ದಷ್ಟೇ ಅಲ್ಲ, ಡಿವಿಷನ್ ಕಮಾಂಡರ್ ಆಗಿದ್ದೂ ಮುಂದಿನ ಟ್ಯಾಂಕಲ್ಲಿ ತಾವೇ ಹೋದ್ರು. ತೀರಿಕೊಂಡಿದ್ದು 1965ರಲ್ಲಿ ಸೈಪ್ರಸ್‌ನಲ್ಲಿ, ವಿಶ್ವಸಂಸ್ಥೆ ಶಾಂತಿಪಡೆ ಮುಖ್ಯಸ್ಥರಾಗಿದ್ದಾಗ. ಆ ದೇಶ ಅವರ ಹೆಸರಲ್ಲಿ ಸ್ಟಾಂಪ್ ಕೂಡ ತಂದಿದೆ.

ಕುಶಾಲನಗರದಿಂದ:
ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ, ಇದು ನನಗೆ ತುಂಬಾ ಹತ್ತಿರದ ವಿಷಯ. ದಲೈ ಲಾಮಾ ಟಿಬೆಟ್‌ನಿಂದ ಗಡಿ ದಾಟಿ ಭಾರತಕ್ಕೆ ಕಾಲಿಟ್ಟಿದ್ದು 1959ರ ಮಾರ್ಚ್ 31. ಲಾಸಾ ಬಿಟ್ಟಿದ್ದು 17ಕ್ಕೆ, ಎರಡು ವಾರ ಬೆಟ್ಟದ ದಾರಿ, ಕೊನೆಗೆ ಭೇದಿಯಾಗಿ ಕುದುರೆ ಮೇಲೆ ಕೂರೋಕೂ ಆಗದೆ ಚಮರೀಮೃಗದ ಮಿಶ್ರತಳಿ ಪ್ರಾಣಿಯ ಬೆನ್ನ ಮೇಲೆ ಬಂದ್ರು. ವಯಸ್ಸು 23 ಅಷ್ಟೇ. ಆವತ್ತು ನಮ್ಮ ದೇಶದ ಸೇನಾ ಮುಖ್ಯಸ್ಥರು ಯಾರು ಹೇಳಿ? ಇದೇ ತಿಮ್ಮಯ್ಯನವರು, ಅದೂ ಅವರ 53ನೇ ಹುಟ್ಟುಹಬ್ಬದ ದಿನ! ಆಮೇಲೆ ಟಿಬೆಟಿನವರಿಗೆ ಜಾಗ ಕೊಟ್ಟಿದ್ದು ನಮ್ಮ ಹೊಳೆಯ ಆಚೆ ಬೈಲಕುಪ್ಪೆಯಲ್ಲಿ. ನಮ್ಮಪ್ಪ ಹೇಳೋರು, ಮೊದಮೊದಲು ಬಂದವರು ಕಾಡು ಕಡಿದು ಜೋಳ ಹಾಕಿದ್ರು, ಇಲ್ಲಿನ ಸೆಕೆ ತಡೆಯೋಕಾಗದೆ ಒದ್ದಾಡಿದ್ರು ಅಂತ. ನಮ್ಮ ಅಂಗಡಿಗೆ ಬರೋ ಒಬ್ಬ ಅಜ್ಜಿ ಕನ್ನಡದಲ್ಲೇ ಚೌಕಾಸಿ ಮಾಡ್ತಾರೆ, ಕೈಯಲ್ಲಿ ಜಪಮಾಲೆ ತಿರುಗ್ತಾನೇ ಇರುತ್ತೆ.

ರಿಟೈರ್ಡ್ ಟೀಚರ್, ವಿರಾಜಪೇಟೆ:
ಹೆಣ್ಣುಮಗಳು ಅಂದ್ರಿ, ಹಾಗಾದ್ರೆ ಆನಂದಿಬಾಯಿ ಜೋಶಿ ಹೆಸರು ಬಿಡಲೇಬೇಡಿ. ಹುಟ್ಟಿದ್ದು 1865ರ ಮಾರ್ಚ್ 31. ಹದಿನಾಲ್ಕಕ್ಕೆ ಹೆತ್ತ ಮಗು ಹತ್ತೇ ದಿನಕ್ಕೆ ಹೋಯ್ತು, ಆ ಸಂಕಟದಲ್ಲೇ ಡಾಕ್ಟರ್ ಆಗ್ತೀನಿ ಅಂತ ಹೊರಟು 1886ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಡಿಗ್ರಿ ತಗೊಂಡ್ರು. ಮರುವರ್ಷ ಕ್ಷಯದಿಂದ ತೀರಿಕೊಂಡಾಗ 22 ಕೂಡ ತುಂಬಿರ್ಲಿಲ್ಲ. ಮಗುಗೆ ಇದನ್ನ ಮೆತ್ತಗೆ ಹೇಳಿ, ಆದ್ರೆ ಹೇಳಿ.
ಸಂಗೀತಗಾರ ಬಾಖ್ ಹೆಸರು ಕೆಲವು ಕಡೆ ಮಾರ್ಚ್ 21, ಕೆಲವು ಕಡೆ 31 ಅಂತಿರುತ್ತೆ, ಎರಡೂ ತಪ್ಪಲ್ಲ. 1685ರಲ್ಲಿ ಅವರ ಊರಲ್ಲಿ ಹಳೇ ಜೂಲಿಯನ್ ಕ್ಯಾಲೆಂಡರ್ ನಡೀತಿತ್ತು, ಈಗಿನದಕ್ಕೆ ಹತ್ತು ದಿನ ವ್ಯತ್ಯಾಸ. ಶೀಟಲ್ಲಿ ಎರಡೂ ಬರೀರಿ.

ತೋಟದಮನೆ, ಮಡಿಕೇರಿ:
ಎಲ್ರಿಗೂ ತುಂಬಾ ಥ್ಯಾಂಕ್ಸ್, ಟೀಚರಮ್ಮ ನಿಮಗೂ. ಓದಿ ಹೇಳ್ದೆ. ತಿಮ್ಮಯ್ಯ ತಾತನ ಬರ್ತ್‌ಡೇ ನನ್ದೂ ಒಂದೇ ದಿನ ಅಂತ ಮನೆಯೆಲ್ಲಾ ಓಡಾಡಿ ಅಜ್ಜಿಗೂ ಹೇಳಿ ಬಂದ್ಲು. ಆನಂದಿಬಾಯಿ ವಿಷಯ ಕೇಳಿ ಸುಮ್ನೆ ಕೂತಿದ್ಲು, ಸ್ವಲ್ಪ ಹೊತ್ತಾದ್ಮೇಲೆ ಅವರ ಫೋಟೋ ಇದೆಯಾ ಅಂದ್ಲು. ಭಾನುವಾರ ಅಮ್ಮನಿಗೂ ರಜೆ, ಬೆಳಿಗ್ಗೆ ಸನ್ನಿ ಸೈಡ್, ಮಧ್ಯಾಹ್ನ ಬೈಲಕುಪ್ಪೆ. ಶೀಟ್ ಒಂದು ಸಾಲಲ್ಲ, ಎರಡು ತರ್ತೀನಿ.